ನಡುನೀರಿನಲ್ಲಿ ನಿಂತ ಚೀನೀ ವ್ಯಾಸಂಗ

ಪರಭಾಷೆಯ ವ್ಯಾಸಂಗವನ್ನು ಆರಂಭಿಸುವವರು ಬಹುಮಂದಿ. ಅದನ್ನು ಕೊನೆಮುಟ್ಟಿಸುವವರು ಬೆರಳೆಣಿಕೆಯವರು. ಈಚೆಯ ದಡವನ್ನು ಬಿಟ್ಟು ಆಚೆಯ ದಡವನ್ನು ಸೇರಲಾರದೆ ನಡುನೀರಿನಲ್ಲಿ ನಿಂತವರ ಪಾಡನ್ನು ವಿಚಾರಿಸುವವರೇ ಇಲ್ಲ. ಆರಂಭೋತ್ಸವಕ್ಕೆ ಅಧ್ಯಕ್ಷರು ದೊರೆಯುತ್ತಾರೆ; ಪಾರಂಗತನಾದವನಿಗೆ ಸನ್ಮಾನ ದೊರೆಯುತ್ತದೆ; ನಡುವಣವನಿಗೆ ಒಂದು ಪುಸ್ತಕವಾಗಲಿ ಒಬ್ಬ ಗುರುವಾಗಲಿ ದೊರೆಯುವುದು ದುರ್ಲಭ. ಪ್ರಾಯಕ್ಕೆ ಬಂದ ಮೇಲೆ ಚೀನೀ ಭಾಷೆಯನ್ನು ಕಲಿಯಹೊರಟ ನಮ್ಮ ತರುಣರ ಸ್ಥಿತಿ ಇಂತಹದಾಗಿದೆ. ಇವರ ಕೈಹಿಡಿಯುವುದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಹಾಜನರ ಕರ್ತವ್ಯವೆಂದೂ, ಅದು ದಾನವಲ್ಲ, ಸ್ವಹಿತವೆಂದೂ ತಿಳಿಸುವುದೇ ಈ ಲೇಖನದ ಉದ್ದೇಶ.

ಚೀನದ ಮಾತು ಈ ಮೂರು ತಾಲೂಕುಗಳ ವಾಚಕರಿಗೆ ಬಹು ದೂರದ್ದೆಂದು ತೋರಬಹುದು. ಕಡಲಿನ ಲೆಕ್ಕದಲ್ಲಿ ಅದು ಎಂದೂ ದೂರವಾಗಿರಲಿಲ್ಲ. 14ನೆಯ ಶತಮಾನದ ಪ್ರವಾಸಿಯಾದ ಇಬ್ನ್ ಬತೂತನು ‘ಫಾಕನೂರು’ ಎಂದು ಬರೆದಿಟ್ಟ ಊರು ಇಂದಿನ ಬ್ರಹ್ಮಾವರ ತಾಲೂಕಿನ ಬಾರ್ಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದ ತೆಂಕಣಕ್ಕೆ ಸಾಗಿ ಕಲ್ಲಿಕೋಟೆಯನ್ನು ಮುಟ್ಟಿದಾಗ ಆ ಬಂದರಿನಲ್ಲಿ 13 ಚೀನೀ ಹಡಗುಗಳು ಲಂಗರು ಹಾಕಿದ್ದುವೆಂದು ಆತನೇ ಹೇಳಿದ್ದಾನೆ. ಅದು ಹಳೆಯ ಕಥೆಯಾಯಿತು. ಇಂದಿನ ಸಂಬಂಧಕ್ಕೆ ಎರಡು ಬಾಗಿಲುಗಳಿವೆ: ಒಂದು ವೈದ್ಯ ವಿದ್ಯೆ, ಇನ್ನೊಂದು ಮೀನು.

ಮೊದಲನೆಯದನ್ನು ನೋಡೋಣ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದ ಜಿಲ್ಲೆ ನಮ್ಮದು. ಆದರೂ ಸರಕಾರೀ ಕಾಲೇಜುಗಳಲ್ಲಿ ಸ್ಥಾನ ದೊರೆಯದ, ಖಾಸಗಿ ಕಾಲೇಜಿನ ಶುಲ್ಕವನ್ನು ತೆರಲಾರದ ಮಧ್ಯಮವರ್ಗದ ಮನೆಗಳ ಮಕ್ಕಳು ಕರ್ನಾಟಕದ ಎಲ್ಲ ಕಡೆಗಳಿಂದಲೂ, ಈ ಕರಾವಳಿಯಿಂದಲೂ, ಚೀನಕ್ಕೆ ಹೋಗಿ ಓದಿದರು. ಪಾಠವು ಇಂಗ್ಲಿಷಿನಲ್ಲಿ ನಡೆಯುವುದೆಂಬ ಭರವಸೆಯ ಮೇಲೆಯೇ ಬಹುಮಂದಿ ಹೊರಟದ್ದು. ಪಾಠವೇನೋ ಇಂಗ್ಲಿಷಿನಲ್ಲಿ ನಡೆಯಬಹುದು. ರೋಗಿಯು ಇಂಗ್ಲಿಷಿನಲ್ಲಿ ನರಳುವುದಿಲ್ಲವಷ್ಟೆ! ಆಸ್ಪತ್ರೆಯ ಹಾಸಿಗೆಯ ಬಳಿ ನಿಂತಾಗ ನೋವು ಎಲ್ಲಿ, ಎಂದಿನಿಂದ, ಎಂತಹದು ಎಂಬುದನ್ನು ರೋಗಿಯ ಮಾತಿನಲ್ಲಿಯೇ ತಿಳಿಯಬೇಕು. ಇದಕ್ಕಾಗಿ ಎಚ್.ಎಸ್.ಕೆ. ಎಂಬ ಚೀನೀ ಭಾಷಾ ಪರೀಕ್ಷೆಯ 4ನೆಯ ಮೆಟ್ಟಲನ್ನು ಪ್ರತಿಯೊಬ್ಬ ವಿದೇಶೀ ವೈದ್ಯ ವಿದ್ಯಾರ್ಥಿಯೂ ಮುಟ್ಟಬೇಕೆಂದೂ, ಮುಟ್ಟದವನಿಗೆ ಪದವಿಯಿಲ್ಲವೆಂದೂ ಪೀಕಿಂಗಿನಲ್ಲಿರುವ ಭಾರತೀಯ ರಾಯಭಾರ ಕಚೇರಿಯು 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಎಚ್ಚರಿಕೆಯಲ್ಲಿ ಸ್ಪಷ್ಟವಾಗಿ ತಿಳಿಸಿತು. ಅದೇ ಪ್ರಕಟಣೆಯ ಇನ್ನೊಂದು ಲೆಕ್ಕ ಮನಸ್ಸನ್ನು ಕಲಕುವಂತಹದು. ಚೀನದಲ್ಲಿ ಓದಿದವರಲ್ಲಿ 2015ರಿಂದ 2021ರ ವರೆಗೆ ಭಾರತದ ಅರ್ಹತಾ ಪರೀಕ್ಷೆಗೆ ಕುಳಿತವರು 40,417 ಮಂದಿ. ತೇರ್ಗಡೆಯಾದವರು 6,387 ಮಂದಿ. ನೂರಕ್ಕೆ 16! ಸೋಲಿಗೆ ಕಾರಣಗಳು ಹಲವಿರಬಹುದು. ಆದರೆ ರೋಗಿಯ ಮಾತನ್ನು ಅರೆಬರೆಯಾಗಿ ತಿಳಿದ ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಕಲಿಯುವುದೂ ಅರೆಬರೆಯೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಎರಡನೆಯ ಬಾಗಿಲು ಮೀನಿನದು. ಭಾರತದ ಸಮುದ್ರೋತ್ಪನ್ನಗಳನ್ನು ಕೊಳ್ಳುವ ದೇಶಗಳಲ್ಲಿ 2022-23 ಮತ್ತು 2023-24ರ ಸಾಲುಗಳಲ್ಲಿ ಅಮೇರಿಕದ ತರುವಾಯದ ಸ್ಥಾನ ಚೀನದ್ದು. ಗಂಗೊಳ್ಳಿಯಲ್ಲಿಯೋ ಮಲ್ಪೆಯಲ್ಲಿಯೋ ದಡಕ್ಕೆ ಬಂದ ಮೀನಿನ ಬೆಲೆಗೂ ಸಾವಿರಾರು ಮೈಲು ಆಚೆಯ ಬಂದರಿನ ಒಂದು ಅಪ್ಪಣೆಗೂ ನಂಟು ಇದೆ. 2020-21ರಲ್ಲಿ ಹೆಪ್ಪುಗಟ್ಟಿಸಿದ ಮೀನಿನ ಪೊಟ್ಟಣಗಳ ಮೇಲೆ ಕೊರೋನಾ ರೋಗದ ಕುರುಹು ಕಂಡಿತೆಂದು ಚೀನದ ಸುಂಕದ ಅಧಿಕಾರಿಗಳು ಹಲವು ಭಾರತೀಯ ವ್ಯಾಪಾರಿಗಳ ಸರಕನ್ನು ತಡೆದರು. 2022ರ ಜನವರಿ 1ರಿಂದ ವಿದೇಶದ ಆಹಾರ ತಯಾರಕರೆಲ್ಲರೂ ಅಲ್ಲಿ ಹೆಸರನ್ನು ನೋಂದಾಯಿಸಿ ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಅಚ್ಚಿಸಬೇಕೆಂಬ ನಿಯಮವು ಜಾರಿಗೆ ಬಂತು. ಇಂತಹ ಅಪ್ಪಣೆಗಳು ಹೊರಡುವುದು ಚೀನೀ ಭಾಷೆಯಲ್ಲಿ. ಮೂಲವನ್ನು ಓದಬಲ್ಲವನು ಇಂದೇ ತಿಳಿಯುತ್ತಾನೆ. ಓದಲಾರದವನು ದಲ್ಲಾಳಿಯು ಹೇಳಿದಾಗ, ಹೇಳಿದಷ್ಟನ್ನು ತಿಳಿಯುತ್ತಾನೆ. ನಡುವಣ ನಷ್ಟವನ್ನು ಹೊರುವವರು ಯಾರು? ಕೊನೆಗೆ ಬಲೆ ಎಳೆದ ಮೊಗವೀರನೇ ಅಲ್ಲವೆ?

ಇನ್ನು ವಿದ್ಯೆಯ ಸ್ವರೂಪವನ್ನು ಪರಾಂಬರಿಸೋಣ. 2010ರಿಂದ ರೂಢಿಗೆ ಬಂದ ಎಚ್.ಎಸ್.ಕೆ. ಕ್ರಮದಲ್ಲಿ 4ನೆಯ ಮೆಟ್ಟಲಿಗೆ ಬೇಕಾದ ಶಬ್ದಗಳು 1,200, 5ನೆಯದಕ್ಕೆ 2,500, 6ನೆಯದಕ್ಕೆ 5,000. ಒಂದೊಂದು ಮೆಟ್ಟಲಿಗೂ ಹೊರೆಯು ಇಮ್ಮಡಿಯಾಗುತ್ತ ಹೋಗುತ್ತದೆ. ದಿನಕ್ಕಾದರೋ ಅದೇ 24 ಗಂಟೆ. ಮೊದಲ ವರ್ಷ ಹೊಸ ಶಬ್ದ ಕಲಿತ ಮರುದಿನವೇ ಅದು ಎಲ್ಲಿಯೋ ಕಿವಿಗೆ ಬಿದ್ದು ಗಟ್ಟಿಯಾಗುತ್ತದೆ. ಸಾವಿರದ ಗಡಿ ದಾಟಿದ ಮೇಲೆ ಕಲಿತ ಶಬ್ದವು ತಿಂಗಳಿಗೊಮ್ಮೆ ಎದುರಾದರೆ ಹೆಚ್ಚು. ಅಷ್ಟರಲ್ಲಿ ಅದು ಮರೆತುಹೋಗಿರುತ್ತದೆ. ಅಂಗಡಿಯಲ್ಲಿ ವ್ಯಾಪಾರ ಮಾಡಲು ಬರುತ್ತದೆ, ಪತ್ರಿಕೆಯ ಒಂದು ಸಾಲು ಅರ್ಥವಾಗುವುದಿಲ್ಲ. ಶಬ್ದ ಶಬ್ದಗಳ ನಡುವೆ ತೆರಪು ಬಿಡದೆ ಬರೆಯುವ ಲಿಪಿ. ಒಂದೇ ಉಚ್ಚಾರಕ್ಕೆ ಹತ್ತಾರು ಅಕ್ಷರಗಳು. ನಾಲ್ಕು ಅಕ್ಷರಗಳಲ್ಲಿ ಒಂದು ಪುರಾಣಕಥೆಯನ್ನೇ ಅಡಗಿಸಿದ ನುಡಿಗಟ್ಟುಗಳು. ಇವೆಲ್ಲವೂ ಒಮ್ಮೆಗೇ ಎದುರು ನಿಲ್ಲುವುದು ಈ ನಡುಹಂತದಲ್ಲಿಯೇ. 2013ರಲ್ಲಿ ಚೀನ ಸರಕಾರವು ಪ್ರಕಟಿಸಿದ ಪಟ್ಟಿಯಲ್ಲಿ ದಿನಬಳಕೆಯ ಮೊದಲ ವರ್ಗಕ್ಕೆ ಸೇರಿದ ಅಕ್ಷರಗಳೇ 3,500. ಇಂಗ್ಲಿಷ್ ಬಲ್ಲ ಅಧಿಕಾರಿಗೆ ಈ ಭಾಷೆಯನ್ನು ಕೆಲಸಕ್ಕೆ ಬರುವಷ್ಟು ಕಲಿಸಲು ಅಮೇರಿಕದ ವಿದೇಶಾಂಗ ಇಲಾಖೆಯ ಶಾಲೆಯು ಗೊತ್ತುಮಾಡಿದ ಅವಧಿ 2,200 ಗಂಟೆ. ದಿನಕ್ಕೊಂದು ಗಂಟೆಯಂತೆ ಕಲಿಯುವ ಸಂಸಾರಸ್ಥನಿಗೆ ಆರು ವರ್ಷ! ಆದುದರಿಂದ ನಡುವೆ ನಿಂತವನನ್ನು ಸೋಮಾರಿಯೆಂದೂ ಮಂದಬುದ್ಧಿಯೆಂದೂ ಹಳಿಯುವುದು ಅನ್ಯಾಯ. ದಾರಿಯೇ ಉದ್ದವಾಗಿದೆ, ದಾರಿಯಲ್ಲಿ ಚತ್ರವಿಲ್ಲ, ಅರವಟ್ಟಿಗೆಯಿಲ್ಲ.

ಹಾಗಾದರೆ ಕನ್ನಡಿಗನಿಗೆ ಇದು ನಿಲುಕದ ಹಣ್ಣೇ? ಅಲ್ಲವೆಂದು ನಾವು ಧೈರ್ಯವಾಗಿ ಹೇಳಬಹುದು. ಆತನ ಕೈಗೆ ಸಿಕ್ಕುವ ಪಾಠಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷ್ ಮಾತಾಡುವವನ ಕಷ್ಟಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಇದರಿಂದ ತನಗೆ ಸಹಜವಾಗಿ ಬರುವುದನ್ನೂ ಆತನು ಕಷ್ಟವೆಂದು ಭ್ರಮಿಸುವಂತಾಗಿದೆ. ಚೀನೀ ರಾಜಧಾನಿಯ ಹೆಸರನ್ನು ರೋಮನ್ ಲಿಪಿಯಲ್ಲಿ ‘ಬಿ’ ಅಕ್ಷರದಿಂದ ಆರಂಭಿಸುತ್ತಾರೆ. ನಾವು ‘ಬೀಜಿಂಗ್’ ಎನ್ನುತ್ತೇವೆ. ಆದರೆ ಅಲ್ಲಿಯ ಧ್ವನಿ ನಮ್ಮ ಪಕಾರಕ್ಕೆ ಹತ್ತಿರ. ಅವರು ‘ಪಿ’ ಎಂದು ಬರೆಯುವುದು ಆ ಪಕಾರದ ಮಹಾಪ್ರಾಣ. ತ ಮತ್ತು ಥ, ಕ ಮತ್ತು ಖ, ಚ ಮತ್ತು ಛ ಇವುಗಳ ಭೇದವೇ ಆ ಭಾಷೆಯ ಜೀವಾಳ. ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗಿದರೂ ಬಾಲ್ಯದಲ್ಲಿ ವರ್ಣಮಾಲೆಯನ್ನು ಬಾಯಿಪಾಠ ಮಾಡಿದವನಿಗೆ ಈ ಭೇದವನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ಶಕಾರ ಷಕಾರಗಳ ವ್ಯತ್ಯಾಸವೂ ಅಲ್ಲಿ ಉಂಟು. ಅಷ್ಟೇಕೆ, ಚೀನದ ಪಂಡಿತರು ಟಾಂಗ್ ಯುಗದ ಕೊನೆಯಿಂದ ಮುಂದಕ್ಕೆ ತಮ್ಮ ಭಾಷೆಯ ವ್ಯಂಜನಗಳನ್ನು ವರ್ಗವರ್ಗವಾಗಿ ಜೋಡಿಸಿದುದೇ ಬೌದ್ಧ ಭಿಕ್ಷುಗಳ ಮೂಲಕ ತಿಳಿದ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ.

ವಾಕ್ಯರಚನೆಯಲ್ಲಿಯೂ ಹೀಗೆಯೇ. ‘ನಾನು ನಿನ್ನೆ ಕೊಂಡ ಮೀನು’ ಎಂಬಲ್ಲಿ ನಮ್ಮ ವಿಶೇಷಣವೆಲ್ಲವೂ ಮೀನಿಗಿಂತ ಮೊದಲೇ ಬರುತ್ತದೆ. ಚೀನೀ ಭಾಷೆಯಲ್ಲಿಯೂ ಅದೇ ಕ್ರಮ. ಇಂಗ್ಲಿಷಿನವನು ಇದನ್ನು ಹಿಂದುಮುಂದಾಗಿ ಯೋಚಿಸಬೇಕು. ಪ್ರಶ್ನೆಯನ್ನು ಸೂಚಿಸಲು ನಾವು ಕೊನೆಯಲ್ಲಿ ಏಕಾರವನ್ನೋ ಆಕಾರವನ್ನೋ ಹಚ್ಚುವಂತೆ ಅವರೂ ವಾಕ್ಯದ ಕೊನೆಯಲ್ಲಿ ಒಂದು ಅಕ್ಷರವನ್ನು ಹಚ್ಚುತ್ತಾರೆ. ಸ್ವರಗಳ ಏರಿಳಿತ ನಾಲ್ಕು ಬಗೆ. ಇದು ಮಾತ್ರ ನಮಗೆ ನಿಜವಾಗಿ ಹೊಸದು, ಅಭ್ಯಾಸದಿಂದಲೇ ಬರಬೇಕಾದುದು. ಕುಂದಾಪುರದ ಸೀಮೆಯವರಿಗಂತೂ ಇನ್ನೊಂದು ಅನುಕೂಲವಿದೆ. ಮನೆಯಲ್ಲಿ ‘ಹೋಯ್ಕ್, ಬರ್ಕ್’ ಎನ್ನುವವನು ಕಚೇರಿಯಲ್ಲಿ ‘ಹೋಗಬೇಕು, ಬರಬೇಕು’ ಎನ್ನುತ್ತಾನೆ. ಪೇಟೆಯಲ್ಲಿ ಕೊಂಕಣಿ, ತೆಂಕಣ ನೆರೆಯಲ್ಲಿ ತುಳು ಆತನ ಕಿವಿಗೆ ಬೀಳುತ್ತವೆ. ಆಡುವ ನುಡಿ ಒಂದು, ಬರೆಯುವ ನುಡಿ ಇನ್ನೊಂದು ಎಂಬ ಚೀನೀ ವ್ಯಾಸಂಗದ ನಡುಹಂತದ ಸಂಕಟವನ್ನು ಆತನು ಎಳವೆಯಲ್ಲಿಯೇ ಉಂಡವನು.

ಪ್ರಾಯ ಮೀರಿತೆಂಬ ನೆವವೂ ನಿಲ್ಲದು. ಕುಮಾರಜೀವನು ಸೆರೆಯಾಳಾಗಿ ಚೀನದ ಗಡಿಪಟ್ಟಣವನ್ನು ಸೇರಿದಾಗ ಆತನಿಗೆ ಸುಮಾರು 40 ವರ್ಷ. ಅಲ್ಲಿ ಕಳೆದ ಹದಿನೇಳು ವರ್ಷಗಳಲ್ಲಿ ಭಾಷೆಯನ್ನು ವಶಮಾಡಿಕೊಂಡು ತರುವಾಯ ಚಾಂಗಾನ್ ನಗರದಲ್ಲಿ ಆತನು ಮಾಡಿಸಿದ ಅನುವಾದಗಳು ಇಂದಿಗೂ ಅಲ್ಲಿ ಪಾರಾಯಣಗೊಳ್ಳುತ್ತಿವೆ. ನಮ್ಮ ಕನ್ನಡಕ್ಕೇ ಉಪಕಾರ ಮಾಡಿದ ಕಿಟ್ಟೆಲರು 1853ರಲ್ಲಿ ಜರ್ಮನಿಯಿಂದ ಬಂದಿಳಿದ ಮೇಲೆ ಈ ಭಾಷೆಯನ್ನು ಕಲಿತವರು. ಸುಮಾರು 70,000 ಶಬ್ದಗಳ ಅವರ ಕೋಶವು ಮಂಗಳೂರಿನಲ್ಲಿ ಅಚ್ಚಾದುದು 1894ರಲ್ಲಿ. ಈ ಎರಡು ವರ್ಷಗಳ ನಡುವಣ ನಾಲ್ವತ್ತು ವರ್ಷಗಳೇ ನಾವು ಹೇಳುವ ನಡುಹಂತ. ನಮ್ಮ ಗಡಿಯಾಚೆಯ, ಕನ್ನಡಿಗರೂ ನೆಲಸಿರುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಉದಾಹರಣೆಯು ನಮ್ಮ ವೈದ್ಯ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ಜಪಾನಿನ ಆಕ್ರಮಣಕ್ಕೆ ತುತ್ತಾದ ಚೀನಕ್ಕೆ ನೆರವಾಗಲು ಕಾಂಗ್ರೆಸ್ಸು 1938ರಲ್ಲಿ ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಅಲ್ಲಿಗೆ ಹೋದ ಮೇಲೆ ಭಾಷೆಯನ್ನು ಕಲಿತು, ಯುದ್ಧದ ನಡುವೆ ಶಸ್ತ್ರಚಿಕಿತ್ಸೆಯನ್ನು ಚೀನೀ ಭಾಷೆಯಲ್ಲಿಯೇ ಬೋಧಿಸುವ ಮಟ್ಟಕ್ಕೆ ಏರಿ, 1942ರ ಡಿಸೆಂಬರ್ 9ರಂದು 32ನೆಯ ವಯಸ್ಸಿನಲ್ಲಿ ಅಲ್ಲಿಯೇ ದೇಹವನ್ನಿಟ್ಟರು. ಅವರ ಮುಂದೆ ಎಚ್.ಎಸ್.ಕೆ. ಪರೀಕ್ಷೆಯಿರಲಿಲ್ಲ, ಗಾಯಾಳುಗಳಿದ್ದರು.

ಈಗ ಆಕ್ಷೇಪಗಳಿಗೆ ಬರೋಣ. 1962ರ ಯುದ್ಧವನ್ನು ಮರೆಯದ, 2020ರ ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ 20 ಮಂದಿ ಯೋಧರನ್ನು ಕಳೆದುಕೊಂಡ ದೇಶದಲ್ಲಿ ಚೀನೀ ಭಾಷೆಯ ಪ್ರಚಾರವು ದೇಶಭಕ್ತಿಗೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ನಮ್ಮ ಉತ್ತರವು ಸರಳ: ನೆರೆಯವನು ಮಿತ್ರನಾದರೆ ಅವನ ಮಾತು ತಿಳಿದಿರುವುದು ಲೇಸು, ಅಮಿತ್ರನಾದರೆ ತಿಳಿಯದಿರುವುದು ಅಪಾಯ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ರಕ್ಷಣಾ ಇಲಾಖೆಯು ಪರಭಾಷಾ ಶಾಲೆಯನ್ನು ತೆರೆದುದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು, 1937ರಲ್ಲಿ, ಶಾಂತಿನಿಕೇತನದಲ್ಲಿ ರವೀಂದ್ರರು ಚೀನಾ ಭವನವನ್ನು ತೆರೆದಿದ್ದರು. ಹೀಗಿರುವಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಗಳಲ್ಲಿ ಕಲಿಸಬಹುದಾದ ವಿದೇಶೀ ಭಾಷೆಗಳನ್ನು ಹೆಸರಿಸುವಾಗ, 2019ರ ಕರಡಿನಲ್ಲಿ ಇದ್ದ ಚೀನೀ ಭಾಷೆಯ ಹೆಸರನ್ನು ಕೈಬಿಟ್ಟುದು ನಮಗೆ ದೂರದೃಷ್ಟಿಯಾಗಿ ತೋರುವುದಿಲ್ಲ. ಶಾಲೆಯ ಬಾಗಿಲು ಹೀಗೆ ಕಿರಿದಾದ ಮೇಲೆ ದೇಶಕ್ಕೆ ಬೇಕಾದ ಚೀನೀ ವಿದ್ವಾಂಸರು ಬರಬೇಕಾದುದು ಪ್ರಾಯದವರ ಸಾಲಿನಿಂದಲೇ. ಅವರನ್ನೂ ನಡುವೆ ಕೈಬಿಟ್ಟರೆ ಉಳಿಯುವವರು ಯಾರು?

ಇನ್ನು ಕೆಲವರು, ಕನ್ನಡಕ್ಕೇ ಗತಿಯಿಲ್ಲದಾಗ ಚೀನೀ ಭಾಷೆಯ ಚಿಂತೆ ಏಕೆ ಎನ್ನುವರು. ಕನ್ನಡಿಗರ ಚರಿತ್ರೆಯ ಪುಟಗಳು ಚೀನೀ ಗ್ರಂಥಗಳಲ್ಲಿ ಹುದುಗಿವೆಯೆಂಬುದನ್ನು ಇವರು ನೆನೆಯಬೇಕು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ ಪ್ರಜೆಗಳ ಶೌರ್ಯವನ್ನೂ ಹ್ಯೂಯೆನ್ ತ್ಸಾಂಗನು 7ನೆಯ ಶತಮಾನದಲ್ಲಿ ವರ್ಣಿಸಿದನು. ನಾವು ಅದನ್ನು ಓದುತ್ತ ಬಂದುದು ಬೀಲ್ ಮತ್ತು ವಾಟರ್ಸ್ ಎಂಬ ಆಂಗ್ಲ ಪಂಡಿತರ ಕನ್ನಡಕದಿಂದ. ಟಾಂಗ್ ವಂಶದ ಹಳೆಯ ಇತಿಹಾಸದಲ್ಲಿ ಕ್ರಿ.ಶ. 691ರ ಸುಮಾರಿಗೆ ಭಾರತದ ಐವರು ಅರಸರ ಕಡೆಯಿಂದ ಕಾಣಿಕೆ ಬಂದುದನ್ನು ಹೇಳುವಲ್ಲಿ ದಕ್ಷಿಣದ ಅರಸನ ಹೆಸರು ‘ಚಲುಕ್ಯ ವಲ್ಲಭ’ ಎಂಬುದರ ಚೀನೀ ರೂಪದಲ್ಲಿದೆ. ಆಗ ಬಾದಾಮಿಯಲ್ಲಿ ಆಳುತ್ತಿದ್ದವನು ವಿನಯಾದಿತ್ಯ. ಈ ಸಾಲನ್ನು ಮೂಲದಲ್ಲಿ ಓದಿ ನಮ್ಮ ಶಾಸನಗಳೊಡನೆ ಹೋಲಿಸಿ ನೋಡುವ ಕನ್ನಡಿಗರು ಎಷ್ಟು ಮಂದಿ? ಪರಭಾಷೆಯನ್ನು ಕಲಿತವನು ತವರಿನ ಭಾಷೆಗೆ ದ್ರೋಹಿಯಾಗುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಹಲವಾರು ಭಾಷೆಗಳನ್ನು ಕಲಿತದ್ದರಿಂದ ಬಡವಾದುದು ಕನ್ನಡವಲ್ಲ.

ಜೇಬಿನ ಯಂತ್ರವೇ ಕ್ಷಣಮಾತ್ರದಲ್ಲಿ ಅನುವಾದಿಸಿಕೊಡುವಾಗ ಆರು ವರ್ಷದ ತಪಸ್ಸು ಏಕೆಂಬುದು ಮೂರನೆಯ ಆಕ್ಷೇಪ. ಯಂತ್ರದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ದಾರಿ ಕೇಳಲು, ಊಟ ತರಿಸಲು ಅದು ಸಾಕು. ಆದರೆ ಅನುವಾದವು ಸರಿಯೋ ತಪ್ಪೋ ಎಂದು ತಿಳಿಯುವುದಕ್ಕಾದರೂ ಭಾಷೆ ಬಲ್ಲ ಒಬ್ಬ ಮನುಷ್ಯ ಬೇಕು. ಕರಾರಿನ ಒಂದು ಶಬ್ದ ತಪ್ಪಿದರೆ, ಔಷಧದ ಪ್ರಮಾಣ ತಪ್ಪಿದರೆ, ಯಂತ್ರವು ಕಟಕಟೆಯಲ್ಲಿ ನಿಂತು ಉತ್ತರ ಕೊಡುವುದಿಲ್ಲ.

ಹಾಗಾದರೆ ಆಗಬೇಕಾದುದೇನು? ದೊಡ್ಡ ಯೋಜನೆಗಳನ್ನು ನಾವು ಕೇಳುತ್ತಿಲ್ಲ. ಮೊದಲನೆಯದಾಗಿ, ಚೀನದಿಂದ ವೈದ್ಯರಾಗಿ ಹಿಂತಿರುಗಿದವರಲ್ಲಿ 4ನೆಯ ಮೆಟ್ಟಲನ್ನು ದಾಟಿದವರು ಇದ್ದಾರೆ. ಐದಾರು ವರ್ಷ ಬೆವರು ಸುರಿಸಿ ಗಳಿಸಿದ ಈ ವಿದ್ಯೆಗೆ ಇಲ್ಲಿಯ ಅರ್ಹತಾ ಪರೀಕ್ಷೆಯಲ್ಲಿ ಒಂದು ಅಂಕವೂ ಇಲ್ಲ. ಆಡಲು ಜೊತೆಯಿಲ್ಲದೆ ಕೆಲವೇ ವರ್ಷಗಳಲ್ಲಿ ಅದು ತುಕ್ಕು ಹಿಡಿಯುತ್ತದೆ. ಪರದೇಶಕ್ಕೆ ಶುಲ್ಕ ತೆತ್ತು ತಂದ ಸೊತ್ತನ್ನು ಮನೆಯ ಹಿತ್ತಿಲಲ್ಲಿ ಕೊಳೆಹಾಕುವುದು ಯಾವ ಗೃಹಸ್ಥನ ಲಕ್ಷಣ? ಇಂತಹವರ ಒಂದು ಯಾದಿಯನ್ನು ಜಿಲ್ಲಾಡಳಿತವು ಮಾಡಿಸಲಿ. ಎರಡನೆಯದಾಗಿ, 1963ರಿಂದ ಈ ಸೀಮೆಗೆ ವಿದ್ಯಾದಾನ ಮಾಡುತ್ತಿರುವ ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜಿನಂತಹ ಸಂಸ್ಥೆಗಳು ವಾರಕ್ಕೆ ಎರಡು ಸಂಜೆ ಒಂದು ಕೋಣೆಯನ್ನು ತೆರೆದುಕೊಟ್ಟರೆ, ಹಿಂತಿರುಗಿದವರೇ ಗುರುಗಳಾಗಿ, ಮುಂದೆ ಹೋಗಲಿರುವವರೂ ಮೀನು ವ್ಯಾಪಾರದ ಗುಮಾಸ್ತರೂ ಶಿಷ್ಯರಾಗಿ ನಡುಹಂತದ ವರ್ಗವೊಂದು ನಡೆಯಬಹುದು. ‘ನಮಸ್ಕಾರ, ಕ್ಷೇಮವೇ’ ಎಂಬ ಮೊದಲ ಪಾಠಕ್ಕೆ ಅಂತರ್ಜಾಲವೇ ಸಾಕು. ವರ್ಗವು ಬೇಕಾದುದು ಪತ್ರಿಕೆಯನ್ನೂ ಕರಾರನ್ನೂ ರೋಗಿಯ ಮಾತನ್ನೂ ಓದಿ ಕೇಳಿ ಚರ್ಚಿಸುವುದಕ್ಕೆ. ಮೂರನೆಯದಾಗಿ, ಕನ್ನಡದ ಮೂಲಕ ಚೀನೀ ಭಾಷೆಯ ಧ್ವನಿಯನ್ನೂ ವಾಕ್ಯವನ್ನೂ ವಿವರಿಸುವ, ಮೂರು ಸಾವಿರ ಶಬ್ದಗಳ ಕೋಶವನ್ನೊಳಗೊಂಡ ಒಂದು ವಾಚಿಕೆಯನ್ನು ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಸಿದ್ಧಪಡಿಸಲಿ. ನಾಲ್ಕನೆಯದಾಗಿ, ವಿದ್ಯಾರ್ಥಿವೇತನವನ್ನು ಕೊಡುವ ದಾನಿಗಳು ಆರಂಭಿಸುವವನಿಗಲ್ಲ, ಎರಡು ವರ್ಷ ಕಲಿತೂ ಬಿಡದೆ ನಿಂತವನಿಗೆ ಕೊಡಲಿ. ಬೆಂಗಳೂರು ಮುಂಬಯಿಗಳಲ್ಲಿ ಹೋಟೆಲು ನಡೆಸಿ ಊರಿನ ದೇವಸ್ಥಾನಕ್ಕೂ ಶಾಲೆಗೂ ಕೈಯೆತ್ತಿ ಕೊಟ್ಟ ಸೀಮೆ ಇದು. ಈ ಅಲ್ಪ ಮೊತ್ತಕ್ಕೆ ಕೊರತೆಯಾಗದು.

ವಿದ್ಯಾರ್ಥಿಗಳಿಗೂ ಒಂದು ಮಾತು. ನಡುಹಂತದಲ್ಲಿ ಪ್ರಗತಿ ಕಾಣುವುದಿಲ್ಲವೆಂದು ಎದೆಗುಂದಬೇಡಿರಿ. ಭರತಕಾಲದಲ್ಲಿ ದೋಣಿಯು ಮುಂದೆ ಸಾಗುವುದು ದಡದಲ್ಲಿದ್ದವರಿಗೆ ತಿಳಿಯುತ್ತದೆ, ದೋಣಿಯಲ್ಲಿದ್ದವರಿಗೆ ತಿಳಿಯದು. ದಿನಕ್ಕೆ ಅರ್ಧ ಪುಟವಾದರೂ ಗಟ್ಟಿಯಾಗಿ ಓದಿರಿ, ಕೇಳಿದುದನ್ನು ಬರೆಯಿರಿ, ವಾರಕ್ಕೊಮ್ಮೆಯಾದರೂ ಬಲ್ಲವರೊಡನೆ ಮಾತಾಡಿರಿ. ನಿಮ್ಮ ವೃತ್ತಿಗೆ ಸೇರಿದುದನ್ನೇ ಮೊದಲು ಓದಿರಿ. ವೈದ್ಯನು ರೋಗದ ವಿಷಯವನ್ನೂ ವ್ಯಾಪಾರಿಯು ಬೆಲೆಯ ವಿಷಯವನ್ನೂ ಓದಿದರೆ ವಿಷಯದ ತಿಳಿವೇ ಶಬ್ದದ ಅರ್ಥವನ್ನು ಅರ್ಧಕ್ಕರ್ಧ ಹೇಳಿಕೊಡುತ್ತದೆ. ಇದು ಹುಡುಗನಿಗಿಲ್ಲದ, ಪ್ರಾಯದವನಿಗಿರುವ ಬಲ.

ಪಂಚಗಂಗಾವಳಿಯ ಹರಹನ್ನು ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯಿಂದಲೇ ದಾಟಿದ ಜನ ನಾವು. ಅರ್ಧ ಹೊಳೆಯಲ್ಲಿ ಹುಟ್ಟನ್ನು ಕೆಳಗಿಡುವ ಅಂಬಿಗನನ್ನು ನಾವು ಕಂಡಿಲ್ಲ. ವಿದ್ಯೆಯ ಹೊಳೆಯಲ್ಲಿಯೂ ಅಂಬಿಗನು ಹುಟ್ಟನ್ನು ಇಡದಂತೆ ನೋಡಿಕೊಳ್ಳುವ ಹೊಣೆಯು ದಡದಲ್ಲಿ ನಿಂತ ಮಹಾಜನರದೂ ಆಗಿದೆ. ಬರುವ ಶಾಲಾವರ್ಷದೊಳಗೆ ಕುಂದಾಪುರದಲ್ಲಿ ಒಂದು ಕೋಣೆಯ ದೀಪ ವಾರಕ್ಕೆ ಎರಡು ಸಂಜೆ ಇದಕ್ಕಾಗಿ ಬೆಳಗಲಿ. ಉಳಿದುದು ತಾನಾಗಿ ಬೆಳೆಯುವುದು.